ಚೆಸ್ ಎಂಜಿನ್‌ನಿಂದ ಆಳಂದದ ಫಾರ್ಮ್ 7ರವರೆಗೆ: ಯಂತ್ರದ ನೆರವು ಯಾವಾಗ ಮೋಸ?

2021ರ ಜೂನ್ 13ರಂದು ವಿಶ್ವನಾಥನ್ ಆನಂದ್ ಆನ್‌ಲೈನ್ ಚೆಸ್‌ನಲ್ಲಿ ಬೆಂಗಳೂರಿನ ಉದ್ಯಮಿ, ಜೆರೋಧಾದ ನಿಖಿಲ್ ಕಾಮತ್ ಎದುರು ಸೋತರು. ಕೋವಿಡ್ ಪರಿಹಾರಕ್ಕೆ ಹಣ ಕೂಡಿಸುವ ಪ್ರದರ್ಶನ ಪಂದ್ಯ ಅದು; ನಮ್ಮ ಕಿಚ್ಚ ಸುದೀಪ್ ಕೂಡ ಆನಂದ್ ಎದುರು ಆಡಿದ್ದರು. ಐದು ಸಲ ವಿಶ್ವ ಚಾಂಪಿಯನ್ ಆದವರನ್ನ ಹವ್ಯಾಸಿಯೊಬ್ಬರು ಸೋಲಿಸಿದ್ದು ಹೇಗೆ ಅಂತ ಪ್ರಶ್ನೆ ಎದ್ದಿತು. ಮರುದಿನವೇ ಕಾಮತ್ ಒಪ್ಪಿಕೊಂಡರು: ಆಟ ವಿಶ್ಲೇಷಿಸುತ್ತಿದ್ದವರ ಮತ್ತು ಕಂಪ್ಯೂಟರಿನ ನೆರವು ಸಿಕ್ಕಿತ್ತು. ಚೆಸ್.ಕಾಮ್ ಅವರ ಖಾತೆ ಮುಚ್ಚಿತು, ಆಮೇಲೆ ಮತ್ತೆ ತೆರೆಯಿತು. ತಾನು ಬೋರ್ಡ್ ನೋಡಿ ಆಡಿದೆ, ಉಳಿದವರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಅನ್ನುವುದಷ್ಟೇ ಆನಂದ್ ಮಾತು.

ಮೊದಲು ಪದಗಳು. ‘ಎಂಜಿನ್’ ಅಂದ್ರೆ ಮುಂದಿನ ಒಳ್ಳೆಯ ನಡೆ ಯಾವುದು ಅಂತ ಲೆಕ್ಕ ಹಾಕಿ ಹೇಳುವ ತಂತ್ರಾಂಶ. ‘ಬಾಟ್’ ಅಂದ್ರೆ ಆ ನಡೆಯನ್ನೂ ತಾನೇ ನಡೆಸುವಂಥದ್ದು. ಯುದ್ಧದ ಆಟಗಳಲ್ಲಿ ಆಟಗಾರ ಮಲಗಿದ್ದರೂ ಬಾಟ್ ರಾತ್ರಿಯಿಡೀ ಪರದೆ ಒತ್ತಿ ಸಂಪತ್ತು ಕೂಡಿಸುತ್ತದೆ, ಸೈನ್ಯ ಕಟ್ಟುತ್ತದೆ. 1997ರಲ್ಲಿ ಕಾಸ್ಪರೋವ್‌ರನ್ನು ಸೋಲಿಸಲು ಐಬಿಎಂಗೆ ಡೀಪ್ ಬ್ಲೂ ಎಂಬ ದೈತ್ಯ ಯಂತ್ರ ಬೇಕಾಗಿತ್ತು. ಇವತ್ತು ಅಫಜಲಪುರದ ಹುಡುಗನ ಅಗ್ಗದ ಫೋನಿನಲ್ಲೂ ಸ್ಟಾಕ್‌ಫಿಶ್ ಪುಕ್ಕಟೆ ಓಡುತ್ತದೆ, ಅದನ್ನು ಮೀರಿಸುವ ಮನುಷ್ಯರಿಲ್ಲ.

"ಎಲ್ಲಾರ ಹತ್ರಾನೂ ಐತಿ, ನಾ ಬಳಸಿದ್ರ ಏನ್ ತಪ್ಪು?" ಈ ವಾದ ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ತಳ್ಳಿಹಾಕುವಂಥದ್ದೇನಲ್ಲ. ಇದೇ ಆನಂದ್ 1999ರಲ್ಲಿ ಸ್ಪೇನಿನ ಲಿಯೋನ್‌ನಲ್ಲಿ ಕಂಪ್ಯೂಟರ್ ಪಕ್ಕದಲ್ಲಿಟ್ಟುಕೊಂಡೇ ಕಾರ್ಪೋವ್‌ರನ್ನು 5–1ರಿಂದ ಸೋಲಿಸಿದ್ದರು. ‘ಅಡ್ವಾನ್ಸ್ಡ್ ಚೆಸ್’ ಅನ್ನುವ ಆ ಬಗೆಯಲ್ಲಿ ಇಬ್ಬರಿಗೂ ಯಂತ್ರ ಇತ್ತು, ಇಬ್ಬರಿಗೂ ಅದು ಗೊತ್ತಿತ್ತು. ಅಂತರರಾಷ್ಟ್ರೀಯ ಪತ್ರ-ಚೆಸ್‌ನಲ್ಲಿ ಈಗಲೂ ಎಂಜಿನ್‌ಗೆ ಅನುಮತಿ ಇದೆ. ಅಭ್ಯಾಸಕ್ಕಂತೂ ಎಲ್ಲರೂ ಬಳಸುತ್ತಾರೆ, ಬಳಸಲೇಬೇಕು: ಜೇವರ್ಗಿಯಲ್ಲಿ ಕೋಚ್ ಸಿಗದ ಹುಡುಗಿಗೆ ಅದೇ ಗುರು. ಹಾಗಾಗಿ ನಾನು ಕೇಳುವ ಪ್ರಶ್ನೆ ಒಂದೇ: ಎದುರಿನವರಿಗೆ ಗೊತ್ತಿದೆಯಾ, ಅವರು ಒಪ್ಪಿದ್ದಾರಾ? ಪಗಡೆ ಆಡುವಾಗ ಹಿಂದೆ ನಿಂತವ ಕಿವಿಯಲ್ಲಿ ಹೇಳಿಕೊಟ್ಟರೆ ಜಗಳ ಬೀಳುವುದೂ ಇದಕ್ಕೇ.

ಪತ್ತೆ ಮಾಡುವುದು ಅಂದುಕೊಂಡಷ್ಟು ಸುಲಭ ಅಲ್ಲ. ಆಟಗಾರನ ನಡೆಗಳು ಎಂಜಿನ್ನಿನ ನಡೆಗಳಿಗೆ ಎಷ್ಟು ಹೊಂದುತ್ತವೆ, ಸುಲಭದ ನಡೆಗೂ ಕಠಿಣ ನಡೆಗೂ ಒಂದೇ ಸಮಯ ತಗೊಂಡಿದ್ದಾನಾ ಅಂತ ನೋಡುತ್ತಾರೆ. ಇದು ಸಂಭವನೀಯತೆಯ ಲೆಕ್ಕ.

ಈ ಲೆಕ್ಕ ರಾಜಕೀಯಕ್ಕೂ ಬಂದಿದೆ, ಅದೂ ನಮ್ಮ ಜಿಲ್ಲೆಗೇ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಫಾರ್ಮ್ 7ರಲ್ಲಿ 6,018 ಆನ್‌ಲೈನ್ ಅರ್ಜಿಗಳು ಬಂದವು. ಮತಗಟ್ಟೆ ಅಧಿಕಾರಿಯೊಬ್ಬರಿಗೆ ತಮ್ಮ ಸಂಬಂಧಿಕರ ಹೆಸರೇ ಕಂಡು ಅನುಮಾನ ಬಂತು. ಪರಿಶೀಲಿಸಿದಾಗ ಸರಿಯಿದ್ದದ್ದು 24, ಉಳಿದ 5,994 ಸುಳ್ಳು. ಸಾಫ್ಟ್‌ವೇರ್ ಬಳಸಿ ಬೇರೆಯವರ ಹೆಸರಲ್ಲಿ ಅರ್ಜಿ ತುಂಬಲಾಗಿದೆ ಅಂತ ರಾಹುಲ್ ಗಾಂಧಿ 2025ರ ಸೆಪ್ಟೆಂಬರ್ 18ರಂದು ಆರೋಪಿಸಿದರು. ಆನ್‌ಲೈನ್‌ನಲ್ಲಿ ಯಾರೂ ಮತ ಅಳಿಸಲು ಆಗಲ್ಲ ಅಂತ ಚುನಾವಣಾ ಆಯೋಗ ಉತ್ತರಿಸಿತು. ಆ ಉತ್ತರ ಅರ್ಧ ಸರಿ. ಅರ್ಜಿ ಹಾಕಿದ ಮಾತ್ರಕ್ಕೆ ಹೆಸರು ಹೋಗಲ್ಲ, ಮನೆಗೆ ಹೋಗಿ ನೋಡಬೇಕು. ಆದರೆ ಸಾವಿರಗಟ್ಟಲೆ ಅರ್ಜಿ ಒಟ್ಟಿಗೇ ಸುರಿದರೆ ನೋಡುವವರ ಕೈ ಎಷ್ಟು ಓಡೀತು? ಯುದ್ಧದ ಆಟದ ಬಾಟ್ ಗೆಲ್ಲುವುದೂ ಹೀಗೇ, ಎದುರಿನವ ಸುಸ್ತಾಗುವವರೆಗೆ. ಯಾರು ಮಾಡಿದ್ದು ಅನ್ನೋದನ್ನ ಕೋರ್ಟ್ ತೀರ್ಮಾನಿಸಲಿ. ಪಕ್ಷಗಳು ತಂತ್ರಾಂಶ ಇಟ್ಟು ಮತದಾರರ ಪಟ್ಟಿ ಜಾಲಾಡುವುದು ಸ್ಪರ್ಧೆ ಅಂತಲೇ ನನ್ನ ಅಭಿಪ್ರಾಯ. ಬೇರೆಯವರ ಹೆಸರಲ್ಲಿ ಅರ್ಜಿ ಹಾಕಿದರೆ ಅದು ಆಟದ ಹೊರಗಿನ ಕೆಲಸ: ಚೆಸ್‌ನಲ್ಲಿ ಹೋಗುವುದು ರೇಟಿಂಗ್, ಇಲ್ಲಿ ಹೋಗುವುದು ಮತ. ಅದೂ ಆಟ ಆಡದೇ ಮನೆಯಲ್ಲಿದ್ದವರದ್ದು.

ಕಾಮತ್ ಖಾತೆ ಕೂಡಲೇ ಬಂದ್ ಆಗಿತ್ತು. ಆಳಂದದಲ್ಲಿ 2023ರ ಫೆಬ್ರವರಿಯಲ್ಲೇ ಎಫ್‌ಐಆರ್ ಆಯಿತು. ಸಿಐಡಿ ಕೇಳಿದ ತಾಂತ್ರಿಕ ವಿವರ ಆಯೋಗ ಕೊಡಲಿಲ್ಲ ಅನ್ನೋದು ಕಾಂಗ್ರೆಸ್ ದೂರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇದ್ದದ್ದನ್ನೆಲ್ಲ ಕಲಬುರಗಿ ಎಸ್‌ಪಿಗೆ ಕೊಟ್ಟಿದ್ದೇವೆ ಅನ್ನೋದು ಆಯೋಗದ ಮಾತು. ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅರ್ಜಿ ಹಾಕುವವರು ಆಧಾರ್‌ಗೆ ಜೋಡಿಸಿದ ಮೊಬೈಲ್‌ನ ಒಟಿಪಿಯಿಂದ ಇ-ಸಹಿ ಮಾಡಬೇಕು ಅನ್ನುವ ವ್ಯವಸ್ಥೆಯೂ ಅದೇ ತಿಂಗಳು ಬಂತು.