ಕಾಗದದಿಂದ ಬೋಲ್ಟಿನವರೆಗೆ

ಸೇತುವೆಯ ಉದ್ದ ಸುಮಾರು 20 ಅಡಿ. ಇದೊಂದು ಸ್ಪರ್ಧೆ, ಕಟ್ಟುವವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಅವರ ಮುಂದೆ ಉಕ್ಕಿನ ಗಿಡ್ಡ ತುಂಡುಗಳು, ನಟ್ಟು, ಬೋಲ್ಟು, ಸ್ಪ್ಯಾನರ್. ನೆಲದ ಮೇಲೆ ಗುರುತು ಮಾಡಿದ ಜಾಗವೇ ನದಿ; ಅದರೊಳಗೆ ಕಾಲಿಟ್ಟರೆ ದಂಡ, ಬೋಲ್ಟು ಕೈಜಾರಿ ಬಿದ್ದರೂ ದಂಡ. ಕಟ್ಟಿ ಮುಗಿದ ಮೇಲೆ 2,500 ಪೌಂಡ್, ಅಂದರೆ 11 ಕ್ವಿಂಟಲ್‌ಗೂ ಮಿಕ್ಕ ಭಾರ ಹೇರಿ, ಎಷ್ಟು ಬಾಗಿತೆಂದು ಅಳೆಯುತ್ತಾರೆ. ಸೇತುವೆಯ ತೂಕ, ಹಿಡಿದ ಸಮಯ, ದುಡಿದ ಕೈಗಳು, ಎಲ್ಲಕ್ಕೂ ಡಾಲರ್ ಲೆಕ್ಕವಿದೆ. ಒಬ್ಬನನ್ನು ಹೆಚ್ಚಿಗೆ ಸೇರಿಸಿಕೊಂಡರೆ ಸಮಯ ಉಳಿಯುತ್ತದೆ, ಕೂಲಿ ಏರುತ್ತದೆ.

ಅಮೆರಿಕದ ಮಿಷಿಗನ್‌ನಲ್ಲಿ 1987ರಲ್ಲಿ ಬೆರಳೆಣಿಕೆಯ ಕಾಲೇಜುಗಳೊಂದಿಗೆ ಈ ಸ್ಪರ್ಧೆ ಶುರುವಾಯಿತು. 1992ರಲ್ಲಿ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ರಾಷ್ಟ್ರಮಟ್ಟಕ್ಕೇರಿತು. ಉಕ್ಕಿನ ವಿನ್ಯಾಸ ಕಲಿಯುವವರು ಉಕ್ಕನ್ನು ಮುಟ್ಟಿಯೂ ನೋಡಬೇಕು ಎಂಬುದೇ ಇದರ ತಿರುಳು.

ಅದು ಎಷ್ಟು ಮುಖ್ಯವೆಂದು ತಿಳಿಯಲು 1907ಕ್ಕೆ ಹೋಗಬೇಕು. ಆ ವರ್ಷದ ಆಗಸ್ಟ್ 29ರಂದು ಕೆನಡಾದ ಕ್ವೆಬೆಕ್‌ನಲ್ಲಿ ಕಟ್ಟುತ್ತಿದ್ದ ಉಕ್ಕಿನ ಸೇತುವೆ ಕುಸಿದು 75 ಕಾರ್ಮಿಕರು ಸತ್ತರು. ನದಿಯ ಮೇಲಿನ ಅಂತರವನ್ನು 1,600 ಅಡಿಯಿಂದ 1,800ಕ್ಕೆ ಹಿಗ್ಗಿಸಿದ್ದರು, ಸೇತುವೆಯ ಸ್ವಂತ ತೂಕದ ಲೆಕ್ಕವನ್ನು ಸಕಾಲಕ್ಕೆ ತಿದ್ದಿರಲಿಲ್ಲ. ಕೆಳಗಿನ ತೊಲೆಗಳು ಬಾಗುತ್ತಿರುವುದು ಸ್ಥಳದಲ್ಲಿದ್ದವರಿಗೆ ಕಂಡಿತ್ತು. ತೀರ್ಮಾನ ಕೊಡಬೇಕಿದ್ದ ಸಲಹೆಗಾರ ಥಿಯೊಡೋರ್ ಕೂಪರ್ ಮಾತ್ರ ನ್ಯೂಯಾರ್ಕ್‌ನಲ್ಲಿದ್ದರು.

ಹೀಗೆ ಕೆಲಸದ ಜಾಗದಿಂದ ದೂರ ಕೂರುವುದಕ್ಕೆ ತದ್ವಿರುದ್ಧವಾಗಿ ನಮ್ಮಲ್ಲಿ ನಿಂತವರು ಸುಳ್ಯದ ಗಿರೀಶ್ ಭಾರದ್ವಾಜ್. ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಅವರು ಊರಿನಲ್ಲೇ ವರ್ಕ್‌ಶಾಪ್ ಇಟ್ಟರು. 1989ರಲ್ಲಿ ಅರಂಬೂರಿನ ಜನರಿಗಾಗಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಮುಂದೆ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಅಂಥ ಕಾಲುಸೇತುವೆ ಕೊಟ್ಟರು. 2017ರಲ್ಲಿ ಪದ್ಮಶ್ರೀ ಬಂತು. ಸೇತುವೆಯ ಪಾಠಕ್ಕೆ ಅವರ ಕೆಲಸಕ್ಕಿಂತ ಒಳ್ಳೆಯ ಪಠ್ಯ ಬೇಕಿಲ್ಲ.

ಇಂಥ ಸ್ಪರ್ಧೆ ನಮ್ಮಲ್ಲೂ ನಡೆಯಬಹುದು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂಥ ಊರಿನ ಮಕ್ಕಳಿಗೂ ಎಂಜಿನಿಯರಿಂಗ್ ಕಾಲೇಜು ದೂರವಿಲ್ಲ: ಚಿತ್ರದುರ್ಗದಲ್ಲಿ ಎಸ್‌ಜೆಎಂ, ದಾವಣಗೆರೆಯಲ್ಲಿ 1951ರಿಂದ ಬಿಡಿಟಿ. ಆಂಗಲ್, ಪೈಪು, ಡ್ರಿಲ್ಲಿಂಗ್ ಮಷಿನ್ನುಗಳಿಗೂ ಆ ಊರುಗಳಲ್ಲಿ ಬರವಿಲ್ಲ. ತೂತು ಜಾಗ ತಪ್ಪಿದರೆ ಬೋಲ್ಟು ಕೂರುವುದಿಲ್ಲ ಎನ್ನುವುದನ್ನು ಗೇಟು, ಗ್ರಿಲ್ಲು ಮಾಡುವ ವೆಲ್ಡರ್ ಒಂದೇ ಮಧ್ಯಾಹ್ನದಲ್ಲಿ ಕಲಿಸಬಲ್ಲ. ಈ ಎರಡು ಕಾಲೇಜುಗಳ ನಡುವೆಯೇ ಇಂಥದೊಂದು ಪಂದ್ಯ ಮೊದಲಾಗಲಿ, ತೀರ್ಪುಗಾರರ ಸಾಲಿನಲ್ಲಿ ಒಬ್ಬ ವೆಲ್ಡರ್‌ಗೂ ಕುರ್ಚಿ ಇರಲಿ.