ಜಾಲಹಳ್ಳಿಯ ಚಿತ್ರನಳಿಗೆಯೂ ದೂರದರ್ಶನದ ಪರಿಭಾಷೆಯೂ

ಒಂದು ಶಾಸ್ತ್ರದ ಪರಿಭಾಷೆಯು ಆ ಶಾಸ್ತ್ರದ ಇತಿಹಾಸಕ್ಕೆ ಆಧಾರವಾಗಬಲ್ಲುದು. ಶಾಸನದಲ್ಲಿ ಬರುವ ಸುಂಕದ ಹೆಸರೊಂದು ಅಳಿದುಹೋದ ಆಡಳಿತಕ್ರಮವನ್ನು ತಿಳಿಸುವಂತೆ, ಯಂತ್ರವಿದ್ಯೆಯ ಶಬ್ದವೊಂದು ಬಳಕೆ ತಪ್ಪಿದ ಯಂತ್ರವನ್ನು ತಿಳಿಸುತ್ತದೆ. ದೂರದರ್ಶನದ ಶಬ್ದಗಳಲ್ಲಿ ಈ ಸಂಗತಿಯು ಹೇಗೆ ಕಂಡುಬರುತ್ತದೆಂಬುದನ್ನು, ಬೆಂಗಳೂರಿನ ಹೊರವಲಯದ ಕೈಗಾರಿಕೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಪೀಣ್ಯಕ್ಕೆ ಸಮೀಪದ ಜಾಲಹಳ್ಳಿಯಲ್ಲಿರುವ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1954ರಲ್ಲಿ ಸ್ಥಾಪಿತವಾಯಿತು. ರಕ್ಷಣಾಪಡೆಗಳಿಗೆ ಬೇಕಾದ ಉಪಕರಣಗಳ ನಿರ್ಮಾಣವೇ ಅದರ ಮುಖ್ಯೋದ್ದೇಶವಾಗಿದ್ದರೂ ಪ್ರಸಾರಕ್ಷೇತ್ರಕ್ಕೂ ಅದರ ಸೇವೆ ಸಂದಿದೆ. 1964ರಲ್ಲಿ ಆಕಾಶವಾಣಿಗೆ ರೇಡಿಯೋ ಪ್ರೇಷಕಗಳು, 1970ರಲ್ಲಿ ಕಪ್ಪು-ಬಿಳುಪು ಚಿತ್ರನಳಿಗೆಗಳು, 1972ರಲ್ಲಿ ದೂರದರ್ಶನಕ್ಕೆ ಪ್ರೇಷಕಗಳು ಅಲ್ಲಿ ತಯಾರಾಗತೊಡಗಿದುವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದುದು 1981ರಲ್ಲಿ. ಎಂದರೆ, ನಗರದ ಮನೆಗಳಲ್ಲಿ ಚಿತ್ರ ಮೂಡುವುದಕ್ಕೆ ಸುಮಾರು ಒಂದು ದಶಕ ಮುಂಚೆಯೇ ಚಿತ್ರನಳಿಗೆಯ ನಿರ್ಮಾಣವಿದ್ಯೆಯು ಅದರ ಅಂಚಿನಲ್ಲಿ ನೆಲೆಗೊಂಡಿತ್ತು.

ಪರಿಭಾಷೆಯ ಮೂಲವನ್ನು ಈ ನಳಿಗೆಯಲ್ಲಿ ಕಾಣಬಹುದು. ಅದರೊಳಗಿನ ಎಲೆಕ್ಟ್ರಾನ್ ಕಿರಣವು ಪರದೆಯ ಮೇಲೆ ಎಡದಿಂದ ಬಲಕ್ಕೆ ಹರಿದು, ಮರಳಿ ಎಡಕ್ಕೆ ಬಂದು, ಮುಂದಿನ ಸಾಲನ್ನು ಹಿಡಿಯುತ್ತಿತ್ತು. ಉಳುಮೆಯ ಗೆರೆಗೂ ಬರಹದ ಪಂಕ್ತಿಗೂ ಕನ್ನಡದಲ್ಲಿ ‘ಸಾಲು’ ಎಂಬ ಒಂದೇ ಶಬ್ದವಿರುವುದರಿಂದ ಈ ಕ್ರಿಯೆಯನ್ನು ನಮ್ಮ ವಿದ್ಯಾರ್ಥಿಗೆ ತಿಳಿಸುವುದು ಕಷ್ಟವಲ್ಲ. ಭಾರತವು ಅಂಗೀಕರಿಸಿದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಸಾಲುಗಳು. ಸೆಕೆಂಡಿಗೆ 25 ಚಿತ್ರಗಳು. ಆದುದರಿಂದ ಸೆಕೆಂಡಿಗೆ 15,625 ಸಾಲುಗಳಾಗಿ, ಒಂದೊಂದು ಸಾಲಿಗೆ 64 ಮೈಕ್ರೋಸೆಕೆಂಡು ದೊರೆಯುತ್ತದೆ. ಅದರಲ್ಲಿ ಸುಮಾರು 12 ಮೈಕ್ರೋಸೆಕೆಂಡಿನ ಅವಧಿಯಲ್ಲಿ ಕಿರಣವು ಕಾಣದಂತೆ ಹಿಂದಿರುಗುತ್ತಿತ್ತು. ಇದಕ್ಕೆ ‘ಬ್ಲಾಂಕಿಂಗ್’ ಎಂದು ಹೆಸರು.

ಸೆಕೆಂಡಿಗೆ 25 ಚಿತ್ರಗಳನ್ನಷ್ಟೇ ತೋರಿಸಿದರೆ ಕಣ್ಣಿಗೆ ಮಿನುಗು ತೋರುತ್ತದೆ. ಅದನ್ನು ತಪ್ಪಿಸಲು ಮೊದಲು ಬೆಸಸಂಖ್ಯೆಯ ಸಾಲುಗಳನ್ನೂ ಅನಂತರ ಸಮಸಂಖ್ಯೆಯ ಸಾಲುಗಳನ್ನೂ ಬರೆಯುವ ಉಪಾಯವು ರೂಢಿಗೆ ಬಂದಿತು. ಈ ಅರ್ಧಚಿತ್ರಕ್ಕೆ ‘ಫೀಲ್ಡ್’ ಎಂದೂ ಹೆಣಿಗೆಯ ಕ್ರಮಕ್ಕೆ ‘ಇಂಟರ್‌ಲೇಸಿಂಗ್’ ಎಂದೂ ಹೆಸರಾಯಿತು. ಸೆಕೆಂಡಿಗೆ 50 ಫೀಲ್ಡುಗಳೆಂಬ ಸಂಖ್ಯೆಯೂ ಆಕಸ್ಮಿಕವಲ್ಲ. ಅದು ವಿದ್ಯುತ್ ಸರಬರಾಜಿನ 50 ಆವರ್ತಗಳಿಗೆ ಹೊಂದುವ ಸಂಖ್ಯೆ. 60 ಆವರ್ತಗಳ ವಿದ್ಯುತ್ತಿರುವ ಅಮೆರಿಕದಲ್ಲಿ 525 ಸಾಲು, 60 ಫೀಲ್ಡುಗಳ ಪದ್ಧತಿ ಬೆಳೆದುದನ್ನು ಇಲ್ಲಿ ಹೋಲಿಸಿ ನೋಡಬಹುದು.

1982ರಲ್ಲಿ ಭಾರತದಲ್ಲಿ ಬಣ್ಣದ ಪ್ರಸಾರವು ಮೊದಲಾದಾಗ ಜರ್ಮನಿಯಲ್ಲಿ ವಾಲ್ಟರ್ ಬ್ರೂಖ್ ರೂಪಿಸಿದ ಪಾಲ್ ಪದ್ಧತಿಯನ್ನು ಆಯ್ದುಕೊಳ್ಳಲಾಯಿತು. ಹಳೆಯ ಕಪ್ಪು-ಬಿಳುಪು ಪೆಟ್ಟಿಗೆಗಳು ನಿರುಪಯುಕ್ತವಾಗದಂತೆ ಪ್ರಸಾರದ ಸಂಕೇತವನ್ನು ಎರಡಾಗಿ ವಿಂಗಡಿಸಲಾಗಿತ್ತು. ಬೆಳಕಿನ ಅಂಶವು ‘ಲ್ಯೂಮಿನೆನ್ಸ್’, ಬಣ್ಣದ ಅಂಶವು ‘ಕ್ರೋಮಿನೆನ್ಸ್’. ಹಳೆಯ ಪೆಟ್ಟಿಗೆಯು ಮೊದಲನೆಯದನ್ನು ಮಾತ್ರ ಗ್ರಹಿಸಿ ಎಂದಿನಂತೆ ಚಿತ್ರವನ್ನು ತೋರಿಸುತ್ತಿತ್ತು.

ಇನ್ನು ಡಿಜಿಟಲ್ ವಿಧಾನದ ವಿಚಾರ. 1982ರಲ್ಲಿಯೇ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಮಾನಕವು ಬೆಳಕಿನ ಅಂಶವನ್ನು ಸೆಕೆಂಡಿಗೆ 1 ಕೋಟಿ 35 ಲಕ್ಷ ಬಾರಿ ಅಳೆಯಬೇಕೆಂದು ವಿಧಿಸಿತು. ಇದನ್ನು 64 ಮೈಕ್ರೋಸೆಕೆಂಡಿಗೆ ಅನ್ವಯಿಸಿದರೆ ಸಾಲಿಗೆ 864 ಅಳತೆಗಳು. ಚಿತ್ರಕ್ಕೆ ಸಲ್ಲುವುವು 720. ಉಳಿದ 144 ಅಳತೆಗಳ ಸ್ಥಾನವು, ಹಿಂದಿರುಗುವ ಕಿರಣಕ್ಕೆ ಮೀಸಲಾಗಿದ್ದ ಕಾಲದ ಗುರುತು. ಅಂತೆಯೇ 625 ಸಾಲುಗಳಲ್ಲಿ 576 ಮಾತ್ರ ಚಿತ್ರವನ್ನು ಹೊರುತ್ತವೆ. ಕಣ್ಣು ಬಣ್ಣದ ಸೂಕ್ಷ್ಮವನ್ನು ಬೆಳಕಿನ ಸೂಕ್ಷ್ಮದಷ್ಟು ಗ್ರಹಿಸಲಾರದಾದ್ದರಿಂದ ಬಣ್ಣದ ಎರಡು ಅಂಶಗಳನ್ನು ಅರ್ಧದಷ್ಟು ಸಲ ಅಳೆದರೆ ಸಾಕು. 4:2:2 ಎಂಬ ಸಂಕೇತದ ಅರ್ಥವಿದೇ. ಲ್ಯೂಮಿನೆನ್ಸು-ಕ್ರೋಮಿನೆನ್ಸುಗಳ ಹಳೆಯ ವಿಂಗಡಣೆಯೇ ಇಲ್ಲಿ ಹೊಸ ಉಡುಪಿನಲ್ಲಿ ಕಾಣಿಸಿಕೊಂಡಿದೆ.

ಬೆಂಗಳೂರಿನ ಕೇಬಲ್ ಪ್ರಸಾರಕ್ಕೆ ಡಿಜಿಟಲ್ ವಿಧಾನವು 2013ರಲ್ಲಿ ಕಡ್ಡಾಯವಾಯಿತು. ದೂರದರ್ಶನವು 2016ರಲ್ಲಿ ಡಿಜಿಟಲ್ ಭೂಪ್ರಸಾರವನ್ನು ಆರಂಭಿಸಿದ ನಗರಗಳಲ್ಲಿ ಬೆಂಗಳೂರೂ ಒಂದು. ಚಿತ್ರನಳಿಗೆಯ ಯುಗವು ಮುಗಿದಿದೆ. ಅನಲಾಗ್ ಪ್ರಸಾರವೂ ಬಹುಮಟ್ಟಿಗೆ ನಿಂತಿದೆ. ಆದರೂ ಸಾಲು, ಫೀಲ್ಡು, ಬ್ಲಾಂಕಿಂಗುಗಳು ಉಳಿದಿವೆ. ಅಧಿಕಸ್ಪಷ್ಟತೆಯ 1080 ಸಾಲುಗಳ ಪ್ರಸಾರದಲ್ಲಿಯೂ 50 ಫೀಲ್ಡುಗಳ ಹೆಣಿಗೆಯು ಬಳಕೆಯಲ್ಲಿದೆ.

ನಮ್ಮ ಕಾಲೇಜುಗಳಿಂದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಗೆ ಉದ್ಯೋಗಾರ್ಥಿಗಳಾಗಿ ಹೋಗುವ ತರುಣರು ಈ ಶಬ್ದಗಳನ್ನು ಕಂಠಪಾಠದಿಂದ ಬಲ್ಲರು. ಅವು ಯಾವ ಕೊರತೆಗೆ ಪರಿಹಾರವಾಗಿ ಹುಟ್ಟಿದುವೆಂಬುದನ್ನು ಹೇಳಿಕೊಡುವವರು ವಿರಳ. ಕಾರಣವರಿಯದೆ ಕಲಿತ ಸಂಖ್ಯೆಯು ಆಜ್ಞೆಯಂತೆ ತೋರುತ್ತದೆ. ಕಾರಣವರಿತಾಗ ಅದು ಮನುಷ್ಯರು ಮಾಡಿದ ಒಂದು ಆಯ್ಕೆಯೆಂದು ತಿಳಿಯುತ್ತದೆ. ಆಯ್ಕೆಯೆಂದು ತಿಳಿದವನು ಮಾತ್ರ, ಅದನ್ನು ಎಲ್ಲಿ ಉಳಿಸಿಕೊಳ್ಳಬೇಕು, ಎಲ್ಲಿ ಬಿಡಬಹುದು ಎಂದು ನಿರ್ಣಯಿಸಬಲ್ಲನು. ಈ ಪರಿಭಾಷೆಯನ್ನು ಅದರ ಇತಿಹಾಸದೊಡನೆ ಬೋಧಿಸುವುದು ಆ ಕಾರಣದಿಂದ ಅವಶ್ಯಕ.