ಹ್ಯೂಯೆನ್‌ತ್ಸಾಂಗನ ಪಾಥೇಯ

ಪಥಿನ್ ಶಬ್ದದಿಂದ ಪಾಥೇಯವೆಂಬುದೂ ಅತಿಥಿಶಬ್ದದಿಂದ ಆತಿಥೇಯವೆಂಬುದೂ ಪಾಣಿನೀಯದ ಒಂದೇ ಸೂತ್ರದಿಂದ (4-4-104) ಸಿದ್ಧವಾಗುತ್ತವೆ. ಮಾರ್ಗದಲ್ಲಿ ಸಾಧುವಾದುದು ಪಾಥೇಯ. ಅತಿಥಿಗಳ ವಿಷಯದಲ್ಲಿ ಸಾಧುವಾದುದು ಆತಿಥೇಯ. ಕನ್ನಡದಲ್ಲಿ ಪಾಥೇಯಕ್ಕೆ ದಾರಿಬುತ್ತಿಯೆಂಬ ಅರ್ಥವೇ ರೂಢವಾಗಿದ್ದರೂ ಶಬ್ದದ ಮೂಲಾರ್ಥವು ಅನ್ನಮಾತ್ರದಲ್ಲಿ ನಿಲ್ಲತಕ್ಕುದಲ್ಲ. ದಾರಿಯಲ್ಲಿ ಯಾವುದು ಉಪಯೋಗಕ್ಕೆ ಬರುವುದೋ ಅದೆಲ್ಲವೂ ಪಾಥೇಯವೇ. ಮೇಘದೂತದ ರಾಜಹಂಸಗಳಿಗೆ ತಾವರೆಯ ನಾಳದ ಎಳೆಯ ತುಂಡುಗಳು ಪಾಥೇಯವಾದುವು. ಹಕ್ಕಿಗೆ ಅಷ್ಟು ಸಾಲುವುದು. ಸಾವಿರಾರು ಹರದಾರಿ ಭೂಮಾರ್ಗದಲ್ಲಿ ನಡೆದು, ಹಲವು ರಾಜ್ಯಗಳನ್ನು ದಾಟಿ, ಹದಿನಾರು ಹದಿನೇಳು ವರ್ಷಗಳ ಮೇಲೆ ಹಿಂದಿರುಗಬೇಕಾದ ಮನುಷ್ಯನಿಗೆ ಯಾವುದು ಪಾಥೇಯವಾದೀತು? ಈ ಪ್ರಶ್ನೆಗೆ ಪ್ರಾಚೀನ ಗ್ರಂಥಗಳಲ್ಲಿ ಸವಿಸ್ತರವಾದ ಉತ್ತರವು ದೊರೆಯುವುದು ಅಪೂರ್ವ. ಅಂತಹ ಉತ್ತರವು ದೊರೆಯುವ ಒಂದು ಚರಿತ್ರೆ ಚೀನದೇಶದ ಯತಿಯಾದ ಹ್ಯೂಯೆನ್‌ತ್ಸಾಂಗನದು.

ಬೆನ್ನಿನ ಮೇಲೆ ಗ್ರಂಥಗಳ ಹೊರೆಯನ್ನು ಹೊತ್ತು ಏಕಾಕಿಯಾಗಿ ನಡೆಯುವ ಯತಿಯ ಚಿತ್ರವು ಚೀನ ಜಪಾನುಗಳಲ್ಲಿ ಪ್ರಸಿದ್ಧವಾಗಿದೆ. ಜನರ ಮನಸ್ಸಿನಲ್ಲಿ ನಿಂತಿರುವ ಹ್ಯೂಯೆನ್‌ತ್ಸಾಂಗನೂ ಇವನೇ. ಶ್ರದ್ಧೆಯೊಂದರಿಂದಲೇ ಮರುಭೂಮಿಯನ್ನೂ ಹಿಮಗಿರಿಯನ್ನೂ ದಾಟಿದವನೆಂದು ಇವನನ್ನು ಕೊಂಡಾಡುವುದು ವಾಡಿಕೆ. ಶ್ರದ್ಧೆಯಿಲ್ಲದೆ ಈ ಯಾತ್ರೆಯು ನಡೆಯುತ್ತಿರಲಿಲ್ಲವೆಂಬುದು ನಿರ್ವಿವಾದವಾದುದೇ. ಆದರೆ ಶ್ರದ್ಧೆಯನ್ನು ಮಾತ್ರ ಹೊತ್ತುಕೊಂಡು ಹೊರಟಾಗ ಅವನಿಗೆ ಆದುದೇನು, ಸಿದ್ಧತೆಯೊಡನೆ ಹೊರಟಾಗ ಆದುದೇನು ಎಂಬುದನ್ನು ಬೇರೆ ಬೇರೆಯಾಗಿ ಪರಿಶೀಲಿಸಿದರೆ ಈ ಚಿತ್ರವು ಸ್ವಲ್ಪ ಬದಲಾಗುತ್ತದೆ.

ಈ ವಿಚಾರಕ್ಕೆ ಮುಖ್ಯವಾದ ಆಧಾರವು ಯತಿಯ ಶಿಷ್ಯನಾದ ಹೂಯ್‌ಲೀ ಬರೆದು ಯೆನ್‌ತ್ಸುಂಗನು ಕ್ರಿ. ಶ. 688ರಲ್ಲಿ ಪೂರ್ತಿಗೊಳಿಸಿದ ಜೀವನಚರಿತ್ರೆ. ಯತಿಯೇ 646ರಲ್ಲಿ ಮುಗಿಸಿದ ಪಶ್ಚಿಮದೇಶಗಳ ವೃತ್ತಾಂತವು ಕೌಚಾಂಗ್ ರಾಜ್ಯದಿಂದ ಮುಂದಿನ ದೇಶಗಳನ್ನು ಮಾತ್ರ ವರ್ಣಿಸುವುದರಿಂದ ಹೊರಡುವಾಗಿನ ಸಂಗತಿಗಳು ಅದರಲ್ಲಿ ಸಿಕ್ಕುವುದಿಲ್ಲ. ಜೀವನಚರಿತ್ರೆಯು ಭಕ್ತನ ಕೃತಿ; ಅದರಲ್ಲಿ ಸ್ವಪ್ನಗಳೂ ಶಕುನಗಳೂ ಹೇರಳವಾಗಿವೆ. ಆದರೂ ಕುದುರೆಗಳೆಷ್ಟು, ರೇಷ್ಮೆಯ ಸುರುಳಿಗಳೆಷ್ಟು ಎಂಬ ಲೆಕ್ಕವನ್ನು ಕೊಡುವಲ್ಲಿ ಹೂಯ್‌ಲೀ ಕವಿಯಲ್ಲ, ಕರಣಿಕನಂತೆ ಬರೆಯುತ್ತಾನೆ. ಈ ಭಾಗಗಳನ್ನು ಅಲ್ಲಗಳೆಯಲು ಕಾರಣವಿಲ್ಲ.

1. ಮೊದಲನೆಯ ಪ್ರಯಾಣ

ಹ್ಯೂಯೆನ್‌ತ್ಸಾಂಗನು ಚಾಂಗಾನ್ ನಗರವನ್ನು ಬಿಟ್ಟುದು 629ರಲ್ಲಿ ಎಂದು ಜೀವನಚರಿತ್ರೆಯು ಹೇಳುತ್ತದೆ. 627ರಲ್ಲಿಯೇ ಎಂದು ಕೆಲವು ವಿದ್ವಾಂಸರು ಸಾಧಿಸಿದ್ದಾರೆ. ಚಕ್ರವರ್ತಿಯಾದ ತಾಯ್‌ತ್ಸುಂಗನು ಪ್ರಜೆಗಳು ಗಡಿಯನ್ನು ದಾಟಕೂಡದೆಂದು ಆಜ್ಞೆ ಮಾಡಿದ್ದ ಕಾಲವದು. ಜೊತೆಗೆ ಹೊರಡಲೊಪ್ಪಿದ್ದ ಯತಿಗಳು ಈ ಆಜ್ಞೆಗೆ ಹೆದರಿ ಹಿಂಜರಿದರು. ಇವನೊಬ್ಬನು ಮಾತ್ರ ಮುಂದೆ ಬರಬಹುದಾದ ಕಷ್ಟಗಳನ್ನೆಲ್ಲ ಎಣಿಸಿ, ಅವುಗಳನ್ನು ತಾನು ಸಹಿಸಬಲ್ಲೆನೇ ಎಂದು ತನ್ನ ಮನಸ್ಸನ್ನು ತಾನೇ ಪರೀಕ್ಷಿಸಿಕೊಂಡು ನಿರ್ಧರಿಸಿದನು. ಮನಸ್ಸನ್ನು ಅಣಿಮಾಡಿಕೊಂಡುದೇ ಅವನ ಮೊದಲನೆಯ ಸಿದ್ಧತೆ. ಆಗ ಅದಕ್ಕಿಂತ ಹೆಚ್ಚಿನದು ಸಾಧ್ಯವೂ ಇರಲಿಲ್ಲ. ಕದ್ದು ಹೋಗುವವನು ಹೊರೆಯನ್ನು ಕಟ್ಟುವುದು ಹೇಗೆ?

ಲಿಯಾಂಗ್‌ಚೌ ಪಟ್ಟಣದಲ್ಲಿ ಅಧಿಕಾರಿಯು ಹಿಂದಿರುಗೆಂದು ವಿಧಿಸಿದನು. ಅಲ್ಲಿಯ ಒಬ್ಬ ಹಿರಿಯ ಯತಿಯು ರಹಸ್ಯವಾಗಿ ಇಬ್ಬರು ಶಿಷ್ಯರನ್ನು ಜೊತೆಗೂಡಿಸಿ ಕಳುಹಿಸಲು, ಹಗಲಿನಲ್ಲಿ ಅಡಗಿ ರಾತ್ರಿಯಲ್ಲಿ ನಡೆದು ಕ್ವಾಚೌವನ್ನು ಸೇರಿದರು. ಮುಂದಿನ ದಾರಿಯ ವಿವರವು ಅವನಿಗೆ ತಿಳಿದುದು ಇಲ್ಲಿಯೇ: ಉತ್ತರಕ್ಕೆ ವೇಗವಾಗಿ ಹರಿಯುವ ಒಂದು ನದಿ, ಅದರ ಬಳಿ ಪಶ್ಚಿಮದ ಗಡಿಬಾಗಿಲು, ಅದರಾಚೆ ನೂರು ನೂರು ಲೀಗಳ ಅಂತರದಲ್ಲಿ ಐದು ಕಾವಲುಗೋಪುರಗಳು, ಅವುಗಳ ಬಳಿಯಲ್ಲಲ್ಲದೆ ಬೇರೆಲ್ಲಿಯೂ ನೀರಿಲ್ಲ, ಹುಲ್ಲಿಲ್ಲ, ಐದನೆಯದರ ಆಚೆ ಎಂಟುನೂರು ಲೀಗಳ ಮರುಭೂಮಿ. ಒಂದು ಲೀ ಎಂದರೆ ಸುಮಾರು ಅರ್ಧ ಕಿಲೋಮೀಟರು. ನೀರಿರುವೆಡೆಯಲ್ಲಿ ಕಾವಲು, ಕಾವಲಿಲ್ಲದೆಡೆಯಲ್ಲಿ ನೀರಿಲ್ಲ. ಗಡಿಯನ್ನು ರಕ್ಷಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಉಪಾಯವಿಲ್ಲ.

ಅಷ್ಟರಲ್ಲಿ ಅವನ ಕುದುರೆ ಸತ್ತಿತ್ತು. ಶಿಷ್ಯರಿಬ್ಬರಲ್ಲಿ ಒಬ್ಬನು ಬೇರೆ ದಾರಿ ಹಿಡಿದನು, ಮತ್ತೊಬ್ಬನನ್ನು ಇವನೇ ಹಿಂದಕ್ಕೆ ಕಳುಹಿಸಿದನು. ಮಾರ್ಗದರ್ಶಿಯಾಗಿ ಬರಲೊಪ್ಪಿದ ವಿದೇಶೀಯನೊಬ್ಬನು ಒಬ್ಬ ಮುದುಕನನ್ನು ಕರೆತಂದನು. ಆ ಮುದುಕನ ಬಳಿ ಬಡಕಲಾದ ಕೆಂಪು ಬಣ್ಣದ ಮುದಿಕುದುರೆಯೊಂದಿತ್ತು. ಅದು ಹದಿನೈದು ಸಲ ಮರುಭೂಮಿಯನ್ನು ದಾಟಿ ಹಾಮಿಗೆ ಹೋಗಿಬಂದಿದೆಯೆಂದೂ, ಯತಿಯು ಕೊಂಡಿದ್ದ ಎಳೆಯ ಕುದುರೆಯು ಈ ದಾರಿಗೆ ತಕ್ಕುದಲ್ಲವೆಂದೂ ಅವನು ಹೇಳಿದನು. ಯತಿಯು ಕುದುರೆಯನ್ನು ಬದಲಾಯಿಸಿಕೊಂಡನು. ಹೂಯ್‌ಲೀ ಇದಕ್ಕೆ ಹಿಂದೆ ಕೇಳಿದ್ದ ಒಂದು ಭವಿಷ್ಯವನ್ನು ಕಾರಣವಾಗಿ ಹೇಳುತ್ತಾನೆ. ಕಾರಣವು ಏನೇ ಇರಲಿ, ಈ ಪ್ರಯಾಣದ ಸಿದ್ಧತೆಯಲ್ಲೆಲ್ಲ ಅತ್ಯಂತ ವಿವೇಕದ ಕಾರ್ಯವು ಇದೇ ಆಯಿತು.

ಮಾರ್ಗದರ್ಶಿಯು ನದಿಯನ್ನು ದಾಟಿಸಿದ ರಾತ್ರಿಯೇ ಕತ್ತಿಯನ್ನು ಹಿರಿದು ಸಮೀಪಿಸಿ, ಮತ್ತೆ ಹಿಂಜರಿದು, ಮರುದಿನ ಬಿಟ್ಟುಹೋದನು. ಮೊದಲನೆಯ ಗೋಪುರದ ಬಳಿ ನೀರು ತುಂಬುತ್ತಿದ್ದಾಗ ಬಾಣವೊಂದು ಮೊಳಕಾಲಿಗೆ ತಗಲುವುದರಲ್ಲಿತ್ತು. ಅಲ್ಲಿಯ ಅಧಿಕಾರಿಯೂ ನಾಲ್ಕನೆಯ ಗೋಪುರದ ಅಧಿಕಾರಿಯೂ ಬೌದ್ಧರಾಗಿದ್ದುದರಿಂದ ಕಾರ್ಯವು ಕೆಡಲಿಲ್ಲ. ನಾಲ್ಕನೆಯ ಗೋಪುರದವನು ನೀರಿನ ದೊಡ್ಡ ತೊಗಲಚೀಲವನ್ನೂ ಕುದುರೆಗೆ ಮೇವನ್ನೂ ಕೊಟ್ಟು, ಐದನೆಯದರ ಹತ್ತಿರ ಹೋಗದೆ ಕಾಡುಕುದುರೆಯ ಚಿಲುಮೆ ಎಂಬಲ್ಲಿ ನೀರನ್ನು ತುಂಬಿಕೊಳ್ಳಬೇಕೆಂದು ತಿಳಿಸಿದನು.

ಯತಿಯು ನೂರು ಲೀಗಳಷ್ಟು ನಡೆದು ದಾರಿ ತಪ್ಪಿದನು, ಚಿಲುಮೆಯು ಕಾಣಲಿಲ್ಲ. ಕುಡಿಯಬೇಕೆಂದು ತೊಗಲಚೀಲವನ್ನು ಇಳಿಸುವಾಗ ಅದು ಕೈಜಾರಿತು. ಸಾವಿರ ಲೀಗಳ ಸಂಬಲವು ಒಂದು ಕ್ಷಣದಲ್ಲಿ ಮರಳಿನ ಪಾಲಾಯಿತೆಂದು ಹೂಯ್‌ಲೀ ಹೇಳುತ್ತಾನೆ. ಹಿಂದಕ್ಕೆ ಹತ್ತು ಲೀ ನಡೆದು, ತನ್ನ ಪ್ರತಿಜ್ಞೆಯನ್ನು ನೆನೆದು, ಯತಿಯು ಮತ್ತೆ ಪಶ್ಚಿಮಾಭಿಮುಖನಾದನು. ನಾಲ್ಕು ರಾತ್ರಿ ಐದು ಹಗಲು ಗಂಟಲಿಗೆ ಒಂದು ತೊಟ್ಟು ನೀರಿಲ್ಲ. ಐದನೆಯ ರಾತ್ರಿ ತಂಗಾಳಿ ಬೀಸಿ ಎಚ್ಚರವಾಗಲು, ಕುದುರೆಯು ಒಡೆಯನ ಮಾತನ್ನು ಕೇಳದೆ ಬೇರೊಂದು ದಿಕ್ಕಿಗೆ ತಿರುಗಿ, ಹಸುರು ಹುಲ್ಲೂ ತಿಳಿನೀರಿನ ಕೊಳವೂ ಇದ್ದೆಡೆಗೆ ಅವನನ್ನು ಒಯ್ದಿತು. ಎರಡು ದಿನಗಳ ಮೇಲೆ ಹಾಮಿಯನ್ನು ಸೇರಿದನು.

ಹೂಯ್‌ಲೀಗೆ ಇದು ಬೋಧಿಸತ್ತ್ವನ ಅನುಗ್ರಹ. ಆದರೆ ಹದಿನೈದು ಸಲ ಆ ದಾರಿಯಲ್ಲಿ ಹೋಗಿಬಂದ ಮುದಿಕುದುರೆಗೆ ನೀರಿನ ನೆಲೆಯು ತಿಳಿದಿದ್ದರೆ ಆಶ್ಚರ್ಯವೇನು? ಎಳೆಯ ಕುದುರೆಯನ್ನೇ ನೆಚ್ಚಿ ಹೊರಟಿದ್ದರೆ ಈ ಯಾತ್ರೆಯು ಮರಳಿನಲ್ಲಿಯೇ ಮುಗಿಯುತ್ತಿದ್ದಿತು. ಪ್ರತಿಜ್ಞೆಯು ಯತಿಯ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿತು. ಅವನ ಪ್ರಾಣವನ್ನು ಉಳಿಸಿದುದು ದಾರಿಬಲ್ಲ ಕುದುರೆ.

2. ಕೌಚಾಂಗಿನ ಸಿದ್ಧತೆ

ಹಾಮಿಯಿಂದ ಮುಂದೆ ಕೌಚಾಂಗಿನ (ಈಗಿನ ತುರ್ಫಾನ್ ಪ್ರಾಂತ) ಅರಸನಾದ ಕ್ಯೂವೆನ್‌ತಾಯನು ಯತಿಯನ್ನು ಕರೆಯಿಸಿಕೊಂಡು, ತನ್ನ ರಾಜ್ಯದಲ್ಲಿಯೇ ಗುರುವಾಗಿ ನಿಲ್ಲಬೇಕೆಂದು ಬಲಾತ್ಕರಿಸಿದನು. ಯತಿಯು ಮೂರು ದಿನ ಅನ್ನೋದಕಗಳನ್ನು ಬಿಟ್ಟು ಕುಳಿತನು. ನಾಲ್ಕನೆಯ ದಿನ ಅರಸನು ಮಣಿದನು. ಇಬ್ಬರೂ ಸೋದರರೆಂದು ಪ್ರಮಾಣ ಮಾಡಿಕೊಂಡರು. ಒಂದು ತಿಂಗಳು ನಿಂತು ಉಪದೇಶಮಾಡಬೇಕು, ಹಿಂದಿರುಗುವಾಗ ಮೂರು ವರ್ಷ ಇಲ್ಲಿರಬೇಕು ಎಂಬುದು ಒಡಂಬಡಿಕೆ. ಆ ಒಂದು ತಿಂಗಳಲ್ಲಿ ಯಾತ್ರೆಯ ಸಾಮಗ್ರಿಯು ಸಿದ್ಧವಾಯಿತು. ಅದರ ಪಟ್ಟಿಯಿದು:

ಪರಿಚರ್ಯೆಗೆ ನಾಲ್ವರು ಶ್ರಾಮಣೇರರು, ಮೂವತ್ತು ಜೊತೆ ಚೀವರಗಳು, ಚಳಿಯ ದೇಶಕ್ಕಾಗಿ ಮುಖವಸ್ತ್ರ, ಕೈಚೀಲ, ಪಾದರಕ್ಷೆ, ಕಾಲುಚೀಲಗಳು, ನೂರು ತೂಕ ಚಿನ್ನ, ಮೂವತ್ತು ಸಾವಿರ ಬೆಳ್ಳಿಯ ನಾಣ್ಯಗಳು, ಐನೂರು ಸುರುಳಿ ರೇಷ್ಮೆ, ಮೂವತ್ತು ಕುದುರೆಗಳು, ಇಪ್ಪತ್ತೈದು ಮಂದಿ ಆಳುಗಳು. ಇದು ಹೋಗಿಬರುವ ಇಪ್ಪತ್ತು ವರ್ಷಗಳ ವೆಚ್ಚಕ್ಕೆಂದು ಲೆಕ್ಕ ಹಾಕಿದುದು. ಇದಲ್ಲದೆ ದಾರಿಯ ಇಪ್ಪತ್ತನಾಲ್ಕು ರಾಜ್ಯಗಳ ಅರಸರಿಗೆ ಇಪ್ಪತ್ತನಾಲ್ಕು ಪತ್ರಗಳು, ಒಂದೊಂದರೊಡನೆ ಒಂದೊಂದು ಸುರುಳಿ ರೇಷ್ಮೆ. ಪಶ್ಚಿಮದ ತುರುಷ್ಕರ ಒಡೆಯನಾದ ಯಬ್ಘು ಖಾಗಾನನಿಗೆ ಐನೂರು ಸುರುಳಿ ರೇಷ್ಮೆ, ಎರಡು ಬಂಡಿ ಹಣ್ಣು, ಒಂದು ವಿನಯಪತ್ರ. ಅವನ ಬೀಡಿನವರೆಗೆ ಜೊತೆಗೆ ಬರಲು ಒಬ್ಬ ರಾಜಪುರುಷ.

ಈ ಪಟ್ಟಿಯಲ್ಲಿ ಗಮನಿಸತಕ್ಕುದು ಎರಡು ವಿಷಯ. ಮೊದಲನೆಯದು, ಇದರಲ್ಲಿ ಅನ್ನದ ಮಾತಿಲ್ಲ. ಇಪ್ಪತ್ತು ವರ್ಷದ ಅನ್ನವನ್ನು ಯಾರೂ ಹೊರಲಾರರು. ಅನ್ನವಾಗಿ ಮಾರ್ಪಡಬಲ್ಲ ಹಗುರವಾದ ವಸ್ತುವನ್ನು ಹೊರಬಹುದು. ಆ ಕಾಲದ ಮಧ್ಯ ಏಷ್ಯದಲ್ಲಿ ರೇಷ್ಮೆಯು ನಾಣ್ಯದಂತೆ ಚಲಾವಣೆಯಲ್ಲಿದ್ದುದರಿಂದ ಸುರುಳಿಗಳನ್ನು ಕೊಟ್ಟುದು ಆಡಂಬರಕ್ಕಾಗಿ ಅಲ್ಲ. ಎರಡನೆಯದು, ಪಟ್ಟಿಯಲ್ಲಿ ಎಲ್ಲಕ್ಕಿಂತ ಹಗುರವಾದುದು ಪತ್ರಗಳ ಕಟ್ಟು. ಬೆಲೆಯಲ್ಲಿ ಎಲ್ಲಕ್ಕಿಂತ ಭಾರವಾದುದೂ ಅದೇ.

ಇದು ಉತ್ಪ್ರೇಕ್ಷೆಯಲ್ಲವೆಂಬುದಕ್ಕೆ ಮುಂದಿನ ಘಟನೆಗಳೇ ಸಾಕ್ಷಿ. ತಿಯೆನ್‌ಶಾನ್ ಪರ್ವತದ ಹಿಮಮಾರ್ಗವನ್ನು ದಾಟಲು ಏಳು ದಿನಗಳು ಹಿಡಿದುವು. ಮಲಗುವುದಕ್ಕೆ ಒಣನೆಲವಿಲ್ಲ; ಪಾತ್ರೆಯನ್ನು ತೂಗುಹಾಕಿ ಅಡಿಗೆ ಮಾಡಬೇಕು; ಮಂಜುಗಡ್ಡೆಯ ಮೇಲೆಯೇ ಹಾಸಿಗೆ. ಪಾದರಕ್ಷೆ ಮುಖವಸ್ತ್ರಗಳೆಲ್ಲ ಇದ್ದರೂ ಜೊತೆಯವರಲ್ಲಿ ಹತ್ತರಲ್ಲಿ ಮೂರು ನಾಲ್ಕು ಪಾಲು ಸತ್ತರು. ದನಕುದುರೆಗಳು ಇನ್ನೂ ಹೆಚ್ಚಾಗಿ ಸತ್ತುವು. ಒಂದು ತಿಂಗಳ ಸಿದ್ಧತೆಯ ಬಹುಭಾಗವನ್ನು ಒಂದು ವಾರದ ಹಿಮವು ನುಂಗಿತು. ಆದರೆ ಪತ್ರವು ಉಳಿದಿತ್ತು. ಖಾಗಾನನು ಅದನ್ನು ಸ್ವೀಕರಿಸಿ ಸಂತುಷ್ಟನಾಗಿ, ಚಾಂಗಾನಿನಲ್ಲಿ ಕೆಲವು ವರ್ಷ ಇದ್ದು ಚೀನಭಾಷೆಯನ್ನು ಬಲ್ಲ ಯುವಕನೊಬ್ಬನನ್ನು ತನ್ನ ಪಡೆಯಲ್ಲಿ ಹುಡುಕಿಸಿ ದುಭಾಷಿಯಾಗಿ ನೇಮಿಸಿ, ಮುಂದಿನ ರಾಜ್ಯಗಳಿಗೆ ತನ್ನ ಪತ್ರಗಳನ್ನೂ ಕೊಟ್ಟು, ಕಪಿಶದವರೆಗೆ ಕಳುಹಿಸಿಕೊಡುವಂತೆ ಆಜ್ಞಾಪಿಸಿದನು. ಒಂದು ಪತ್ರವು ಮತ್ತೊಂದನ್ನು ಹೆತ್ತಿತು. ಗಡಿಯನ್ನು ಕದ್ದು ದಾಟಿದವನು ಭಾರತದ ಬಾಗಿಲಿಗೆ ರಾಜಾತಿಥಿಯಾಗಿ ಬಂದನು.

3. ಹಿಂದಿರುಗುವಾಗಿನ ಹೊರೆ

ಯತಿಯು ದಕ್ಷಿಣಾಪಥಕ್ಕೂ ಬಂದನು. ದ್ರಾವಿಡದಿಂದ ಕೊಂಕಣಪುರಕ್ಕೂ ಅಲ್ಲಿಂದ ದುಷ್ಟಮೃಗಗಳೂ ಕಳ್ಳರೂ ತುಂಬಿದ ಕಾಡಿನ ಮೂಲಕ ಮಹಾರಾಷ್ಟ್ರಕ್ಕೂ ಹೋದನು. ಕೊಂಕಣಪುರವು ಯಾವುದೆಂಬುದರಲ್ಲಿ ಮತಭೇದವಿದೆ. ಮಹಾರಾಷ್ಟ್ರದ ಅರಸನು ಬಾದಾಮಿಯ ಚಾಲುಕ್ಯ ಇಮ್ಮಡಿ ಪುಲಕೇಶಿಯೆಂಬುದರಲ್ಲಿ ಸಂದೇಹವಿಲ್ಲ. ಹರ್ಷನಿಗೆ ಈ ಅರಸನು ಮಣಿಯಲಿಲ್ಲವೆಂದು ಯತಿಯು ಬರೆದಿರುವುದಕ್ಕೂ ಕ್ರಿ. ಶ. 634-35ರ ಐಹೊಳೆಯ ಶಾಸನಕ್ಕೂ ಪರಸ್ಪರ ಸಂವಾದವಿದೆ. ಶಾಸನವು ಆಸ್ಥಾನಕವಿಯ ಸ್ತುತಿಯೆಂದು ಶಂಕಿಸುವವರಿಗೆ, ಹರ್ಷನ ಆತಿಥ್ಯವನ್ನುಂಡ ವಿದೇಶೀಯನ ಮಾತು ಸಮಾಧಾನವಾಗಿದೆ. ಕನ್ನಡನಾಡಿನ ಚರಿತ್ರೆಯು ಕೌಚಾಂಗಿನ ಅರಸನ ಆ ಪತ್ರಗಳಿಗೆ ಇಷ್ಟರಮಟ್ಟಿಗೆ ಋಣಿಯಾಗಿದೆ.

643ರಲ್ಲಿ ಪ್ರಯಾಗದ ಮಹಾದಾನಸಭೆಯು ಮುಗಿದ ಮೇಲೆ ಯತಿಯು ಸ್ವದೇಶಕ್ಕೆ ಹೊರಟನು. ಸಮುದ್ರಮಾರ್ಗವನ್ನು ಹಿಡಿಯುವುದಾದರೆ ಜನರನ್ನು ಜೊತೆಗೆ ಕಳುಹಿಸುವೆನೆಂದು ಹರ್ಷನು ಹೇಳಲು, ಕೌಚಾಂಗಿನ ಅರಸನಿಗೆ ಮಾತು ಕೊಟ್ಟಿರುವುದರಿಂದ ಉತ್ತರದ ದಾರಿಯಿಂದಲೇ ಹೋಗಬೇಕೆಂದು ಇವನು ಉತ್ತರಕೊಟ್ಟನು. ದಾರಿಗೆ ಏನು ಬೇಕೆಂದು ಕೇಳಿದರೆ, ಏನೂ ಬೇಡವೆಂದನು. ಅರಸರು ಕೊಟ್ಟ ಧನವನ್ನು ನಿರಾಕರಿಸಿ, ಕಾಮರೂಪದ ಕುಮಾರರಾಜನಿಂದ ಮಳೆಗೆ ಹೊದೆಯುವ, ಒಳಗಡೆ ನಯವಾದ ತುಪ್ಪುಳುಳ್ಳ, ತೊಗಲಿನ ಕುಪ್ಪಸವೊಂದನ್ನು ಮಾತ್ರ ಸ್ವೀಕರಿಸಿದನು. ಆದರೂ ಹರ್ಷನು ಒಂದು ದೊಡ್ಡ ಆನೆಯನ್ನೂ ಮೂರು ಸಾವಿರ ಚಿನ್ನದ, ಹತ್ತು ಸಾವಿರ ಬೆಳ್ಳಿಯ ನಾಣ್ಯಗಳನ್ನೂ ಜೊತೆಯಲ್ಲಿ ಹೊರಟ ಉತ್ತರದೇಶದ ಅರಸನ ಕೈಯಲ್ಲಿ ಕೊಟ್ಟು, ಮೂರು ದಿನಗಳ ಮೇಲೆ ತಾನೇ ಕುದುರೆಯೇರಿ ಬಂದು ಮತ್ತೊಮ್ಮೆ ಬೀಳ್ಕೊಂಡನು. ಬಿಳಿಯ ಹತ್ತಿಬಟ್ಟೆಯ ಮೇಲೆ ಬರೆದು ಕೆಂಪು ಮುದ್ರೆಯೊತ್ತಿದ ಪತ್ರಗಳೊಡನೆ ನಾಲ್ವರು ಅಧಿಕಾರಿಗಳನ್ನೂ ಕಳುಹಿಸಿದನು. ಹರ್ಷನು ಬೇರೆಯಾಗಿ ಆಲೋಚಿಸಿಯೂ ಕ್ಯೂವೆನ್‌ತಾಯನ ನಿರ್ಣಯಕ್ಕೇ ಬಂದನೆಂದಾಯಿತು.

ಈ ಸಲ ಹೊರೆಯೆಂದರೆ ಗ್ರಂಥಗಳು. ಸಿಂಧುನದಿಯನ್ನು ದಾಟುವಾಗ ಯತಿಯು ಆನೆಯ ಮೇಲಿದ್ದನು, ಗ್ರಂಥಗಳು ದೋಣಿಯಲ್ಲಿದ್ದುವು. ನಡುಹೊಳೆಯಲ್ಲಿ ಅಲೆಯೆದ್ದು ಐವತ್ತು ಕಟ್ಟುಗಳೂ ಹೂವಿನ ಬೀಜಗಳೂ ನೀರಿನ ಪಾಲಾದುವು. ಕಳೆದ ಗ್ರಂಥಗಳಿಗೆ ಪ್ರತಿ ಮಾಡಿಸಲು ಜನರನ್ನು ಉದ್ಯಾನದೇಶಕ್ಕೆ ಕಳುಹಿಸಿ ಐವತ್ತು ದಿನಗಳಿಗೂ ಹೆಚ್ಚಾಗಿ ಅಲ್ಲಿಯೇ ನಿಂತನು. ಮುಂದೆ ಪರ್ವತಗಳಲ್ಲಿ ಕಳ್ಳರ ಗದ್ದಲಕ್ಕೆ ಬೆದರಿದ ಆನೆಯು ನೀರಿನಲ್ಲಿ ಮುಳುಗಿತು. ಖೋತಾನವನ್ನು ಸೇರಿ, ಆನೆ ಸತ್ತಿತು, ಗ್ರಂಥಗಳನ್ನು ಹೊರಲು ವಾಹನವಿಲ್ಲ ಎಂದು ತಾಯ್‌ತ್ಸುಂಗ್ ಚಕ್ರವರ್ತಿಗೆ ಬಿನ್ನವತ್ತಳೆಯನ್ನು ಬರೆದನು. ಯಾರ ಆಜ್ಞೆಯನ್ನು ಮೀರಿ ಹೋಗಿದ್ದನೋ ಅವನೇ ವಾಹನವನ್ನು ಒದಗಿಸಲು ಅಪ್ಪಣೆ ಮಾಡಿದನು. 645ರ ಆದಿಯಲ್ಲಿ 657 ಗ್ರಂಥಗಳು 520 ಕಟ್ಟುಗಳಾಗಿ ಚಾಂಗಾನನ್ನು ಸೇರಿದುವು.

ಕೌಚಾಂಗಿಗೆ ಕೊಟ್ಟ ಮಾತೊಂದು ಮಾತ್ರ ನಡೆಯಲಿಲ್ಲ. 640ರಲ್ಲಿ ಚೀನದ ಸೈನ್ಯವು ಆ ರಾಜ್ಯವನ್ನು ಆಕ್ರಮಿಸಿಕೊಂಡಿತು. ಕ್ಯೂವೆನ್‌ತಾಯನು ಅದೇ ವರ್ಷ ತೀರಿಕೊಂಡನು. ಯಾವ ಮಾತಿಗಾಗಿ ಸಮುದ್ರಮಾರ್ಗವನ್ನು ಬಿಟ್ಟನೋ ಅದನ್ನು ಕೇಳಿದವನೇ ಉಳಿದಿರಲಿಲ್ಲ. ಖೋತಾನದಿಂದ ಚಕ್ರವರ್ತಿಗೆ ಬರೆದ ಬಿನ್ನವತ್ತಳೆಯನ್ನು ವರ್ತಕರ ಜೊತೆಯಲ್ಲಿ ಒಯ್ದವನು ಕೌಚಾಂಗಿನ ಯುವಕನೊಬ್ಬನು. ಆ ನಾಡಿನ ಉಪಕಾರವು ಕೊನೆಯ ಹೆಜ್ಜೆಯವರೆಗೂ ನಿಲ್ಲಲಿಲ್ಲ.

ಒಟ್ಟಿನ ಮೇಲೆ ನೋಡಿದರೆ ನೀರು ಚೆಲ್ಲಿತು, ಕುದುರೆಗಳು ಹಿಮದಲ್ಲಿ ಸತ್ತುವು, ಆನೆ ಮುಳುಗಿತು, ಗ್ರಂಥಗಳಲ್ಲಿಯೂ ಒಂದು ಭಾಗವು ಹೊಳೆಯ ಪಾಲಾಯಿತು. ಹೊತ್ತುಕೊಂಡುದರಲ್ಲಿ ಕೊನೆಯವರೆಗೆ ಕೆಲಸಕ್ಕೆ ಬಂದುದು, ದಾರಿ ಬಲ್ಲವರ ಸಹಾಯ, ಭಾಷೆ ಬಲ್ಲವರ ಸಹಾಯ, ಒಬ್ಬ ಸಜ್ಜನನು ಮತ್ತೊಬ್ಬನಿಗೆ ಬರೆದ ನಾಲ್ಕು ಅಕ್ಷರ. ಇದರಿಂದ ಯತಿಯ ಧೈರ್ಯಕ್ಕೆ ಕುಂದಿಲ್ಲ. ಹೆಸರಿಲ್ಲದ ಮುದುಕನಿಗೂ ಗೋಪುರದ ಅಧಿಕಾರಿಗಳಿಗೂ ಅಳಿದುಹೋದ ರಾಜ್ಯದ ಅರಸನಿಗೂ ಸಲ್ಲಬೇಕಾದ ಪಾಲು ಸಲ್ಲುತ್ತದೆ, ಅಷ್ಟೆ. ದೂರದ ಪಯಣಿಗನಿಗೆ ಆತಿಥೇಯನೇ ಪಾಥೇಯ. ಎರಡು ಶಬ್ದಗಳನ್ನೂ ಒಂದೇ ಸೂತ್ರದಲ್ಲಿ ಕಟ್ಟಿದ ಸೂತ್ರಕಾರನು ಪ್ರತ್ಯಯದ ಲಾಘವವನ್ನು ಮಾತ್ರ ನೋಡಿರಬಹುದು. ಚರಿತ್ರೆಯು ಅವುಗಳ ಅರ್ಥವನ್ನೂ ಒಂದುಗೂಡಿಸಿದೆ.